ದಿನಕ್ಕೊಂದು ಫೋಟೋ, ಹರಿಹರದ ಒಬ್ಬಳಿಗಾಗಿ

ಮೊದಲ ಫೋಟೋ ತೆಗೆದದ್ದು ಸಿಟ್ಟಿನಲ್ಲಿ. ದಾವಣಗೆರೆ ವಿನೋಬನಗರದ ನಮ್ಮ ಓಣಿಯ ನಲ್ಲಿಗೆ ಯಾರೋ ಪುಣ್ಯಾತ್ಮರು ಬೈಕ್ ಆನಿಸಿ ನಿಲ್ಲಿಸಿ, ಕೊಡ ಇಡಲಿಕ್ಕೂ ಜಾಗವಿಲ್ಲದಂತೆ ಮಾಡಿ ಹೋಗಿದ್ದರು. ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು ಅದರ ಫೋಟೋ ಹೊಡೆದು ಫೋನಿನ ಸ್ಟೇಟಸ್ಸಿಗೆ ಹಾಕಿದೆ. ಅಲ್ಲಿಯವರೆಗೆ ನಾನು ಸ್ಟೇಟಸ್ ಹಾಕಿದವಳೇ ಅಲ್ಲ. ಸಂಜೆ ಯಾರ್ಯಾರು ನೋಡಿದ್ದಾರೆ ಎಂದು ತೆರೆದರೆ ಬೈಕಿನವನ ಹೆಸರು ಇರಲಿಲ್ಲ. ನಮ್ಮ ಅಕ್ಕನ ಹೆಸರಿತ್ತು.

ಅಕ್ಕ ಇರುವುದು ಹರಿಹರದಲ್ಲಿ. ಬಸ್ಸು ಹತ್ತಿದರೆ ಒಂದು ನಿದ್ದೆಗೂ ಸಾಲದ ದಾರಿ. ಮೂರು ವರ್ಷದಿಂದ ನಮ್ಮ ಮನೆಗೂ ಅವಳಿಗೂ ಮಾತಿಲ್ಲ. ಇಬ್ಬರ ಫೋನಿನಲ್ಲೂ ಪರಸ್ಪರರ ನಂಬರ್ ಉಳಿದಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಅಂದರೆ ಅವಳು ನನ್ನ ನಂಬರ್ ಅಳಿಸಿರಲಿಲ್ಲ. ಫೋನ್ ಹಿಡಿದುಕೊಂಡು ನಿಂತಲ್ಲೇ ಅತ್ತುಬಿಟ್ಟೆ. ನಲ್ಲಿಯ ಹತ್ತಿರ ನಿಂತವರು ಬೈಕಿಗಾಗಿ ಅಳುತ್ತಿದ್ದೇನೆ ಎಂದುಕೊಂಡರು.

ಮಾತು ಬಿಟ್ಟ ಕಾರಣ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡದ್ದು ಒಂದು ಬೆಳಗಿನ ಜಾವ. ಮಧ್ಯಾಹ್ನದ ಮೇಲೆ ಅಮಾವಾಸ್ಯೆ ಹಿಡಿಯುತ್ತದೆ, ಅಷ್ಟರೊಳಗೆ ಮಣ್ಣಾಗಬೇಕು ಎಂದು ಹಿರಿಯರು ಅವಸರ ಮಾಡಿದರು. ಕೊಟ್ಟ ಮನೆಯಿಂದ ಮಗಳು ಬಂದು ಮುಖ ನೋಡುವತನಕ ಕಾಯುವುದು ನಮ್ಮಲ್ಲಿ ಪದ್ಧತಿ. ಆದರೆ ಅಕ್ಕನಿಗೆ ಸುದ್ದಿ ಮುಟ್ಟಿಸುತ್ತೇನೆಂದು ಹೊತ್ತುಕೊಂಡಿದ್ದ ಸಂಬಂಧಿಕರೊಬ್ಬರು ಅವಳ ನಂಬರಿಗೆ ಒಂದೇ ಸಲ ಫೋನ್ ಹಚ್ಚಿ, ಹತ್ತದೆ ಹೋದಾಗ ಅಪ್ಪನ ಫೋಟೋವನ್ನು ಕಪ್ಪು-ಬಿಳುಪು ಮಾಡಿ ತಮ್ಮ ಸ್ಟೇಟಸ್ಸಿಗೆ ಹಾಕಿ ಕೈತೊಳೆದುಕೊಂಡಿದ್ದರು. ಅಪ್ಪ ಸತ್ತದ್ದು ಅಕ್ಕನಿಗೆ ಗೊತ್ತಾದದ್ದು ಹಾಗೆ. ಅವಳು ಬಂದು ಇಳಿಯುವ ಹೊತ್ತಿಗೆ, ಅಪ್ಪನನ್ನು ಒಯ್ದ ಮೇಲೆ ಅಂಗಳ ತೊಳೆದ ನೀರು ಮೋರಿಗೆ ಹರಿಯುತ್ತಿತ್ತು. ಅಪ್ಪನಿಗೆ ಹೊದಿಸಲು ತಂದ ಹೊಸ ಪಂಚೆಯನ್ನು ಹೊರಗಿನ ಕಟ್ಟೆಯ ಮೇಲಿಟ್ಟಳು.

“ನನಗ ಕಾಯಲಿಲ್ಲ ನೀವು,” ಅಂದಳು. “ಇನ್ನ ಈ ಮನೆಯೊಳಗೆ ನಾ ಕಾಲಿಡೋದು ಅವ್ವ ಹೋದಾಗಲೇ.”

ಒಳಗಿನಿಂದ ಅವ್ವನೂ ಕಡಿಮೆ ಮಾಡಲಿಲ್ಲ. “ಹಂಗಾರೆ ಕಾಯಲಿ ಬಿಡು, ನಾ ಸಾಯೋದನ್ನ,” ಅಂದಳು. ಅಕ್ಕ ಬಂದ ಆಟೋದಲ್ಲೇ ತಿರುಗಿ ಹೋದಳು. ಒಂದು ತಿಂಗಳು ಬಿಟ್ಟು ನಾನು ಹರಿಹರಕ್ಕೆ ಹೋದೆ. ಕೂರಿಸಿ ಊಟಕ್ಕೆ ಹಾಕಿದಳು, ತಲೆ ಸವರಿದಳು, ಹೊರಡುವಾಗ ಹೇಳಿದಳು: “ನಿನ್ನ ಮ್ಯಾಲೆ ನನಗೇನೂ ಇಲ್ಲ. ಆದ್ರೆ ಬರಬ್ಯಾಡ. ನೀ ಬಂದು ಹೋದ್ರೆ ನನಗ ಎಂಟು ದಿನ ಊಟ ಸೇರಲ್ಲ.” ಇನ್ನೇನು ಮಾಡಲಿ, ಹೋಗುವುದು ಬಿಟ್ಟೆ. ಅವ್ವನನ್ನು ಕೇಳಿದರೆ, “ಕರಿಯಾಕೆ ಅವಳೇನು ಬೀಗಿತಿಯಾ? ದಾರಿ ಗೊತ್ತೈತೆ, ಬರಂಗಿದ್ರೆ ಬರ್ತಾಳೆ,” ಎನ್ನುತ್ತಿದ್ದಳು. ಇಬ್ಬರದೂ ಒಂದೇ ಅಚ್ಚು, ಒಂದೇ ಹಟ. ನಡುವೆ ಸತ್ತವಳು ನಾನು.

ನನ್ನ ಕೆಲಸ ಪಿ.ಜೆ. ಬಡಾವಣೆಯ ಒಂದು ಸ್ಟುಡಿಯೋದಲ್ಲಿ. ಮದುವೆ ಆಲ್ಬಮ್ ಜೋಡಿಸುವುದು, ಮದುಮಗಳ ಹಿಂದೆ ನಿಂತು ಬಾಳೆಹಣ್ಣು ತಿನ್ನುತ್ತಿರುವ ಅಪರಿಚಿತನನ್ನು ಅಳಿಸಿ ಅಲ್ಲೊಂದು ಜಲಪಾತ ಕೂರಿಸುವುದು, ಸತ್ತವರ ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿ ಹಣೆಗೆ ವಿಭೂತಿ ಹಚ್ಚಿ ಚೌಕಟ್ಟಿಗೆ ಸಿದ್ಧ ಮಾಡುವುದು. ಕ್ಯಾಮೆರಾ ಹಿಡಿದು ಹೊರಗೆ ಹೋಗುವವರು ಬೇರೆ, ನಾನು ಒಳಗೆ ಕಂಪ್ಯೂಟರಿನ ಮುಂದೆ. ನಲ್ಲಿಯ ಫೋಟೋ ಹಾಕಿದ ಮರುದಿನ ಸ್ಟುಡಿಯೋ ಮಾಲೀಕರನ್ನು, ಮೂಲೆಗೆ ಬಿದ್ದಿರುವ ಹಳೆಯ ಕ್ಯಾಮೆರಾ ಕೊಡುತ್ತೀರಾ ಎಂದು ಕೇಳಿದೆ. ಪರದೆ ಒಂದು ಮೂಲೆಯಲ್ಲಿ ಸೀಳಿತ್ತು. ಜೊತೆಗೆ ಫಿಫ್ಟಿ ಲೆನ್ಸ್. ಜೂಮ್ ಇಲ್ಲ, ಹತ್ತಿರ ಬೇಕಾದರೆ ನಾವೇ ನಡೆದು ಹೋಗಬೇಕು.

“ಏನ್ ಮಾಡ್ತೀರಿ ಇದನ್ನ?”

“ದಿನಾ ಬೀದಿದೊಂದು ಫೋಟೋ ತೆಗಿತೀನಿ ಸಾರ್, ಒಂದು ವರ್ಷ. ಈ ಯುಗಾದಿಯಿಂದ ಮುಂದಿನ ಯುಗಾದಿತನಕ.”

“ಬೀದಿದು ತೆಗೆದು ಏನ್ ಬರ್ತೈತ್ರಿ?” ಅಂದರು ಮಾಲೀಕರು. ಆದರೆ ಕ್ಯಾಮೆರಾ ಕೊಟ್ಟರು.

ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಅವತ್ತಿನ ಫೋಟೋ ಅವತ್ತೇ ತೆಗೆದಿರಬೇಕು, ಹಿಂದಿನದನ್ನು ಉಳಿಸಿಟ್ಟು ಹಾಕುವಂತಿಲ್ಲ. ಎಷ್ಟೇ ತೆಗೆದರೂ ಹಾಕುವುದು ಒಂದೇ. ಯಾರನ್ನೂ ನಿಲ್ಲಿಸಿ ನಗಿಸುವಂತಿಲ್ಲ. ತೆಗೆದ ಮೇಲೆ ತೋರಿಸಬೇಕು, ಬೇಡವೆಂದರೆ ಎದುರಿಗೇ ಅಳಿಸಬೇಕು. ಬೆಳಿಗ್ಗೆ ಮನೆಯಿಂದ ಸ್ಟುಡಿಯೋಗೆ ಆಟೋ ಬಿಟ್ಟು ನಡೆದು ಹೋಗುವುದು, ಆ ದಾರಿಯಲ್ಲೇ ತೆಗೆಯುವುದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಆರಿಸಿ, ಬೆಳಕು ಸ್ವಲ್ಪ ಸರಿಮಾಡಿ, ಫೋನಿಗೆ ಕಳಿಸಿಕೊಂಡು ಹಾಕುವುದು. ಯಾರಿಗೆ ತೋರಿಸಲು ಇಷ್ಟೆಲ್ಲ ಎನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮೊದಲ ತಿಂಗಳು ನನ್ನ ಕಾರ್ಡಿನ ತುಂಬ ಬರೀ ಬೆನ್ನು. ಹೂವಿನವಳ ಬೆನ್ನು, ಹಮಾಲರ ಬೆನ್ನು, ಎಮ್ಮೆಯ ಬೆನ್ನು. ಎದುರಿಗೆ ಹೋಗಿ ಕ್ಯಾಮೆರಾ ಎತ್ತಲು ಧೈರ್ಯ ಸಾಲುತ್ತಿರಲಿಲ್ಲ. “ಏನ್ರೀ ಇದು, ದಾವಣಗೆರೆ ಮಂದಿಗೆ ಮುಖ ಇಲ್ವಾ?” ಎಂದು ಮಾಲೀಕರು ನಕ್ಕರು. ಆ ಸಿಟ್ಟಿಗೆ ಮರುದಿನ ಮಾರ್ಕೆಟ್ಟಿನೊಳಗೆ ನೇರ ನುಗ್ಗಿದೆ. ನಾನು ಕ್ಯಾಮೆರಾ ಎತ್ತಿದ್ದೇ ತಡ, ರಸ್ತೆಗೆ ಹರಡಿಕೊಂಡಿದ್ದ ಬುಟ್ಟಿ, ಬಕೆಟ್ಟು, ಚಪ್ಪಲಿ ರಾಶಿಯೆಲ್ಲ ಸರಸರ ಒಳಗೆ ಹೋದವು. ಪಾಲಿಕೆಯವರು ಒತ್ತುವರಿ ಫೋಟೋ ತೆಗೆಯಲು ಬಂದಿದ್ದಾರೆಂದು ಬೀದಿಗೆ ಬೀದಿಯೇ ಚೊಕ್ಕಟವಾಯಿತು. ಒಬ್ಬರು ಬಂದು, “ಮೇಡಂ, ನಂದು ಒಂದೇ ಒಂದು ಟೇಬಲ್ ಹೊರಗೈತೆ, ಬರ್ಕಬ್ಯಾಡ್ರಿ,” ಎಂದು ಕೈಮುಗಿದರು. ಖಾಲಿ ರಸ್ತೆ, ಕೈಮುಗಿದ ಅವರು, ಹಿಂದೆ ಅರ್ಧ ಒಳಗೆ ಹೋದ ಟೇಬಲ್ಲು. ನನ್ನ ಮೊದಲ ನೆಟ್ಟಗಿನ ಫೋಟೋ ಅದು.

ನಿಧಾನಕ್ಕೆ ಕೈ ಪಳಗಿತು. ಓಣಿಗಳಲ್ಲಿ ಬಿಸಿಲು ಒಂದೇ ಗೋಡೆಗೆ ಬೀಳುತ್ತದೆ. ಬೆಳಕಿರುವ ಗೋಡೆಗೆ ಕ್ಯಾಮೆರಾದ ಬೆಳಕಿನ ಅಳತೆ ಇಟ್ಟುಕೊಂಡು ನಿಂತರೆ ನೆರಳಿನಿಂದ ಬಂದವರು ಅಲ್ಲಿಗೆ ಬಂದಾಗ ಹೊಳೆಯುತ್ತಾರೆ. ಲೆನ್ಸ್ ತಾನೇ ಫೋಕಸ್ ಹುಡುಕುತ್ತ ಕಿರ್ರೆನ್ನುವಷ್ಟರಲ್ಲಿ ಮುಖ ಹೋಗಿರುತ್ತದೆ. ಹಾಗಾಗಿ ಎಂಟಡಿ ದೂರಕ್ಕೆ ಫೋಕಸ್ ಮೊದಲೇ ಕಟ್ಟಿಟ್ಟು, ಜನ ಆ ದೂರಕ್ಕೆ ಬರುವವರೆಗೆ ಕಾಯುವುದನ್ನು ಕಲಿತೆ. ಬಿಳಿ ಅಂಗಿಯವರು ಬಂದರೆ ಬೆಳಕು ಸ್ವಲ್ಪ ಇಳಿಸಬೇಕು, ಇಲ್ಲವಾದರೆ ಅಂಗಿ ಸುಟ್ಟು ಬರೀ ಬಿಳಿ ಉಳಿಯುತ್ತದೆ. ನಮ್ಮ ಊರಿನಲ್ಲಿ ಬಿಳಿ ಅಂಗಿಯವರು ಬಹಳ, ಇಳಿಸಿ ಇಳಿಸಿ ಬೆರಳು ಸವೆಯಿತು.

ತೆಗೆಯುವುದೆಲ್ಲ ಅಕ್ಕನ ಕಣ್ಣಿನಿಂದ. ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದ ಸಂದಿ. ಅವಳು ಜಾರಿ ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲ ಮೇಲೆ ಈಗ ಕೂತು ಬೆಳ್ಳುಳ್ಳಿ ಸುಲಿಯುವ ಹೆಂಗಸು. ರಾತ್ರಿ ಪಾಳಿ ಮುಗಿಸಿ ಮಂಡಕ್ಕಿ ಕಟ್ಟಿಸಿಕೊಳ್ಳಲು ನಿಂತ ಆಸ್ಪತ್ರೆ ನರ್ಸು. ಒಮ್ಮೆ ತಡೆಯಲಾರದೆ ಫೋಟೋದ ಕೆಳಗೆ “ನೆನಪೈತಾ?” ಎಂದು ಬರೆದೆ. ಮರುದಿನದ ಫೋಟೋಕ್ಕೆ ಬಹಳ ಹೊತ್ತಿನವರೆಗೆ ಅವಳ ಹೆಸರು ಬರಲಿಲ್ಲ. ಗಳಿಗೆಗೊಮ್ಮೆ ಫೋನ್ ತೆಗೆದು ನೋಡಿದೆ. ಕೊನೆಗೆ ಕತ್ತಲಾದ ಮೇಲೆ ಬಂತು. ಅಂದಿನಿಂದ ಒಂದಕ್ಷರ ಬರೆಯಲಿಲ್ಲ. ಉಳಿದ ದಿನಗಳಲ್ಲಿ ನಾನು ಹಾಕಿದ ಸ್ವಲ್ಪ ಹೊತ್ತಿಗೇ ನೋಡಿಬಿಡುತ್ತಿದ್ದಳು. ನನ್ನ ಕೈಚಳಕ ಅಷ್ಟು ಹಿಡಿಸಿದೆ ಎಂದು ಒಳಗೊಳಗೇ ಉಬ್ಬಿದೆ.

ಅವ್ವನಿಗೆ ಹೇಳಿರಲಿಲ್ಲ, ಆದರೆ ಅವಳಿಗೆ ತಿಳಿಯದೆ ಇರುತ್ತದೆಯೇ? ಸಂಜೆ ನಾನು ಬಂದು ಕೂತ ಕೂಡಲೇ ಅಕ್ಕಿ ಆರಿಸುತ್ತ, ಮುಖ ಎತ್ತದೆ ಕೇಳುವಳು: “ಇವತ್ತು ಯಾರ್ಯಾರು ನೋಡಿದ್ರು?”

ನಾನು ಓದುತ್ತಿದ್ದೆ. ಸ್ಟುಡಿಯೋ ಮಾಲೀಕರು, ಹಾಲಿನವರು, ನಂದಿಗುಡಿಯ ಚಿಕ್ಕಮ್ಮ, ಹಿಂದಿನ ಮನೆಯ ಟೀಚರ್. ಅಕ್ಕನ ಹೆಸರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದೆ. ಅದು ಬಂದ ಮೇಲೆ ಅವ್ವ ಎದ್ದು ಅನ್ನಕ್ಕೆ ಇಡಲು ಹೋಗುತ್ತಿದ್ದಳು. ಆ ಹೆಸರು ಬರುವತನಕ ಒಲೆ ಹಚ್ಚುತ್ತಿರಲಿಲ್ಲ.

ಮಳೆಗಾಲ ಹತ್ತಿರ ಬಂದಾಗ ಒಂದು ಎಡವಟ್ಟಾಯಿತು. ನನ್ನ ದಾರಿಯಲ್ಲಿ ಹಾಸಿಗೆ ಹೊಲಿಯುವ ಚಾಚಾನ ಅಂಗಡಿ ಇದೆ. ಅಪ್ಪನ ಕಾಲದಿಂದ ನಮ್ಮ ಮನೆಗೆ ಬೇಕಾದವರು. ಅರಳೆಯ ನಡುವೆ ಕೂತು ಕೂತು ಅವರ ಹುಬ್ಬು, ಗಡ್ಡ, ಕಿವಿಯ ಕೂದಲಿಗೆಲ್ಲ ಹತ್ತಿ ಅಂಟಿಕೊಂಡಿರುತ್ತದೆ. ಅವತ್ತು ಬಾಗಿಲ ಒಂದೇ ಕಡೆಯಿಂದ ಬೆಳಕು ಬಂದು, ಹಿಂದೆಲ್ಲ ಕತ್ತಲಿತ್ತು. ಅವರು ಸೂಜಿಗೆ ದಾರ ಪೋಣಿಸುತ್ತ ಕಣ್ಣು ಕಿರಿದು ಮಾಡಿದ್ದರು. ಹೊಡೆದೆ. ಕಂಪ್ಯೂಟರಿನಲ್ಲಿ ನೋಡಿದಾಗ ಬಣ್ಣವೇ ಅಡ್ಡಿ ಎನಿಸಿತು. ತೆಗೆದುಹಾಕಿ ಕಪ್ಪು-ಬಿಳುಪು ಮಾಡಿದೆ. ಆಹಾ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸ್ಟೇಟಸ್ಸಿಗೆ ಹಾಕಿ, ಫೋನನ್ನು ಡ್ರಾಯರಿನಲ್ಲಿಟ್ಟು ಒಂದು ಮದುವೆಯ ಕೆಲಸಕ್ಕೆ ಕೂತೆ.

ಮತ್ತೆ ತೆರೆದರೆ ಸಾಲುಸಾಲು “ಓಂ ಶಾಂತಿ”. “ಅಯ್ಯೋ, ಯಾವಾಗ?” “ಮೊನ್ನೆ ದಿಂಬು ಒಯ್ದಿದ್ದೆನಲ್ಲ!” “ಒಳ್ಳೆ ಮನುಷ್ಯ.” ಸತ್ತವರ ಫೋಟೋ ಮಾಡಿಯೇ ಹೊಟ್ಟೆ ಹೊರೆಯುವವಳು ನಾನು. ನಮ್ಮ ಕಡೆ ಒಬ್ಬರ ಮುಖವನ್ನು ಕಪ್ಪು-ಬಿಳುಪಿನಲ್ಲಿ ಸ್ಟೇಟಸ್ಸಿಗೆ ಹಾಕಿದರೆ ಅದಕ್ಕೆ ಒಂದೇ ಅರ್ಥ ಎನ್ನುವುದು ನನಗೆ ಹೊಳೆಯಬಾರದೇ? ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಅಂಗಡಿಯ ಮುಂದೆ ಜನ. ಯಾರೋ ಬಾಡಿಗೆ ಕುರ್ಚಿಗಳನ್ನು ಇಳಿಸಿಯೂ ಬಿಟ್ಟಿದ್ದರು. ಹರಿಹರದಿಂದ ಚಾಚಾನ ತಂಗಿಯ ಮನೆಯವರು ಒಂದು ಗಾಡಿ ತುಂಬ ಬಂದಿಳಿದು, ಬದುಕಿರುವ ಅಣ್ಣನನ್ನು ತಬ್ಬಿಕೊಂಡು ಸತ್ತವರಿಗೆ ಅಳುವುದಕ್ಕಿಂತ ಜೋರಾಗಿ ಅಳುತ್ತಿದ್ದರು. ಚಾಚಾ ಕೆಟಲ್ ಹಿಡಿದು ಎಲ್ಲರಿಗೂ ಚಹ ಬಗ್ಗಿಸುತ್ತಿದ್ದರು.

“ಬಾರವ್ವ, ಬಾ! ನನ್ನ ಮಯ್ಯತ್ತಿಗೆ, ಮಣ್ಣಿಗೆ ಬಂದೋರಿಗೆ ನಾನೇ ಚಾ ಕೊಡಾಕತ್ತೀನಿ. ಇಂಥ ನಸೀಬು ಯಾರಿಗೈತೆ ಹೇಳು?”

“ಚಾಚಾ, ತಪ್ಪಾತು...”

“ಏ, ತಪ್ಪೇನು ಬಂತು? ಎಲ್ಲಾರೂ ನನ್ನ ಒಳ್ಳೆಯೋನು ಅಂದ್ರು ಇವತ್ತು. ಇಷ್ಟು ವರ್ಷದಾಗೆ ಒಬ್ರೂ ಅಂದಿರಲಿಲ್ಲ.” ಲೋಟ ನನ್ನ ಕೈಗಿಟ್ಟು, ಆಮೇಲೆ ದನಿ ಇಳಿಸಿ ಕೇಳಿದರು: “ಅಲ್ಲ, ಬಣ್ಣ ಭಾಳ ತುಟ್ಟಿ ಏನವ್ವ?”

ಅವತ್ತೇ ತೀರ್ಮಾನಿಸಿದೆ, ಇನ್ನು ಬಣ್ಣದಲ್ಲೇ. ಕಪ್ಪು-ಬಿಳುಪು ದೊಡ್ಡ ಕಲೆಯಾಗಿರಬಹುದು, ನಮ್ಮ ಊರಿಗೆ ಅದು ಸೂತಕ. ಬಣ್ಣಕ್ಕೆ ಮರಳಿದ ಮೇಲೆ ಕೆಲಸ ಕಷ್ಟವಾಯಿತು. ನೀಲಿ ಡ್ರಮ್ಮು, ಕೇಸರಿ ಬ್ಯಾನರು, ಹಸಿರು ಶಟರು ಎಲ್ಲವೂ ಮುಖಕ್ಕಿಂತ ಮುಂದೆ ಬಂದು ನಿಲ್ಲುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವನ್ನು ಹೊರಗಿಡುವುದನ್ನೇ ಒಂದು ಮಳೆಗಾಲ ಪೂರ್ತಿ ಕಲಿತೆ. ಸಂಜೆ ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದಾಗ ಅವಳು ನಗಲಿಲ್ಲ. “ತಂಗಿ ಹರಿಹರದಿಂದ ಬಂದಿದ್ಲಾ?” ಎಂದು ಎರಡು ಸಲ ಕೇಳಿದಳು.

ಭಾನುವಾರ ಸ್ಟುಡಿಯೋ ಮಧ್ಯಾಹ್ನದವರೆಗೆ ಮಾತ್ರ. ಆಮೇಲೆ ಬಸ್ಸು ಹತ್ತಿ ಹರಿಹರಕ್ಕೆ ಹೋಗತೊಡಗಿದೆ. ಅಲ್ಲಿ ತೆಗೆದದ್ದನ್ನು ಸಂಜೆ ಕಾರ್ಡ್ ರೀಡರಿನಿಂದ ನೇರ ಫೋನಿಗೆ ಇಳಿಸಿಕೊಂಡು ಹಾಕುತ್ತಿದ್ದೆ. ಬರಬೇಡ ಎಂದಿದ್ದು ಅವಳ ಮನೆಗೆ, ಊರಿಗಲ್ಲವಲ್ಲ. ತುಂಗಭದ್ರೆಯ ಸೇತುವೆಯ ಮೇಲೆ ಕಂಬಳಿ ಒಣಹಾಕಿದವರು, ಗುಡಿಯ ಬೀದಿಯಲ್ಲಿ ತೆಂಗಿನಕಾಯಿ ಜೊತೆ ರೀಚಾರ್ಜೂ ಮಾಡುವ ಅಂಗಡಿಯವಳು. ಒಂದು ದಿನ ಅಕ್ಕನ ಬೀದಿಯ ಮೂಲೆಯವರೆಗೆ ಹೋಗಿ, ಅಲ್ಲಿ ಇಸ್ತ್ರಿ ಮಾಡುವವನ ಫೋಟೋ ತೆಗೆದು ಹಾಕಿದೆ. ನೋಡು, ಇಲ್ಲಿತನಕ ಬಂದಿದ್ದೆ ಎನ್ನುವುದೇ ಅದರ ಅರ್ಥ. ನೋಡಿದಳು. ಅಷ್ಟೇ.

ಇನ್ನೊಂದು ಭಾನುವಾರ ಅಲ್ಲಿನ ಸಂತೆಯಲ್ಲಿ ಮೆಂತ್ಯದ ಸೊಪ್ಪಿನ ರಾಶಿಗೆ ಅಳತೆ ಇಟ್ಟುಕೊಂಡು ನಿಂತಿದ್ದೆ. ಚೌಕಟ್ಟಿನೊಳಗೆ ಒಂದು ಕೈ ಬಂತು. ಬಳೆಗಿಂತ ಮೊದಲು ಕೈಯ ಗುರುತು ಸಿಕ್ಕಿತು. ಅಕ್ಕ. ಸೊಪ್ಪಿನ ಬೇರು ಮುರಿದು ನೋಡಿ, ಬೇಡವೆಂದು ತಲೆ ಅಲ್ಲಾಡಿಸಿ, ನಮ್ಮ ಅವ್ವ ಮಾಡುವಂತೆಯೇ ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದಳು. ನನ್ನ ಬೆರಳು ತಾನೇ ಒತ್ತಿತು. “ಅಕ್ಕಾ” ಎನ್ನಲು ಕ್ಯಾಮೆರಾ ಇಳಿಸುವಷ್ಟರಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ಜನರ ನಡುವೆ ಹೋಗಿಬಿಟ್ಟಳು. ಅದನ್ನು ಸ್ಟೇಟಸ್ಸಿಗೆ ಹಾಕಲಿಲ್ಲ, ಹಾಕುವಂಥದ್ದೂ ಅಲ್ಲ. ಅವ್ವನಿಗೆ ಮಾತ್ರ ತೋರಿಸಿದೆ.

ಅವ್ವ ಕನ್ನಡಕ ಹುಡುಕಿ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ದೊಡ್ಡದು ಮಾಡುವುದು ಹೇಗೆಂದು ಕೇಳಿ, ಎರಡು ಬೆರಳಿನಿಂದ ಹಿಗ್ಗಿಸಿ, ಕತ್ತು, ಕಿವಿ, ಕೈ ಎಲ್ಲ ನೋಡಿದಳು.

“ಬಡವಾಗ್ಯಾಳೆ,” ಅಂದಳು.

ಚಾಚಾನ ಅಂಗಡಿಯಲ್ಲಿ ಒಮ್ಮೆ ಇದನ್ನೆಲ್ಲ ಹೇಳಿಕೊಂಡು ಅತ್ತೆ. ಅವರು ಹೊಲಿಗೆ ನಿಲ್ಲಿಸದೆ, “ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಇಬ್ಬರಿಗೂ ಗಂಟು ಬಿದ್ದೈತೆ, ಎಳೀಬ್ಯಾಡ. ಎಳೆದಷ್ಟೂ ಬಿಗೀತೈತೆ,” ಅಂದರು.

ಚಳಿಗಾಲದಲ್ಲಿ ಅವ್ವನಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಹೆದರುವಂಥದ್ದೇನೂ ಇಲ್ಲ ಎಂದರು. ಆದರೆ ಅವ್ವ ಕುಗ್ಗಿದಳು. ನಲ್ಲಿಯಿಂದ ಒಂದು ಕೊಡ ತರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದಳು. ನಾನು ದಿನಾ ಫೋಟೋ ಹಾಕುತ್ತಲೇ ಇದ್ದೆ, ಅಕ್ಕ ದಿನಾ ನೋಡುತ್ತಲೇ ಇದ್ದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಇವಳು ದಿನಾ ನಮ್ಮ ಓಣಿಯನ್ನೆಲ್ಲ ನೋಡಿ ಬಾಗಿಲವರೆಗೆ ಬಾರದೆ ಹೋಗುತ್ತಿದ್ದಳು. ನನಗೆ ಒಮ್ಮೊಮ್ಮೆ ಎಲ್ಲ ಕಿತ್ತು ಎಸೆಯುವಷ್ಟು ರೇಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ಅವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ತಲೆಗೆ ಎರೆದುಕೊಂಡು, ಕೂದಲು ನುಣ್ಣಗೆ ಬಾಚಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡಿದ್ದಳು.

“ಇವತ್ತು ಎಲ್ಲೂ ಹೋಗಬ್ಯಾಡ. ನಂದೇ ತೆಗಿ.”

“ತೆಗೀತೀನಿ ಬಿಡು, ಸಂಭ್ರಮ ಏನು ಇವತ್ತು?”

“ಚಾಚಾಂದು ತೆಗೆದಿದ್ದಿ ನೋಡು, ಹಂಗೆ. ಬಣ್ಣ ಬ್ಯಾಡ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಅವ್ವ, ಹುಡುಗಾಟ ಅಲ್ಲ ಇದು.”

“ಹುಡುಗಾಟ ಆಡೋ ವಯಸ್ಸೇನು ನಂದು? ಅವಳು ಬರೋದು ನಾ ಹೋದ ಮ್ಯಾಲೆ ತಾನೇ? ಅವಾಗ ಬಂದು ಅತ್ರೆ ನನಗ ಕಾಣ್ತೈತೇನು? ಈಗಲೇ ಬಂದು ಅಳಲಿ. ಅವಳು ಅಳೋದನ್ನಾರ ನೋಡ್ತೀನಿ.”

ಕ್ಯಾಮೆರಾ ಹೆಗಲಿನಿಂದ ಇಳಿಸಿದೆ. ಕಟ್ಟೆಯ ಮೇಲೆ ನೆರಳಿತ್ತು, ಎದುರುಗೋಡೆಯ ಸುಣ್ಣಕ್ಕೆ ಬಿದ್ದ ಬಿಸಿಲು ತಿರುಗಿ ಅವಳ ಮುಖಕ್ಕೆ ಮೆತ್ತಗೆ ಬರುತ್ತಿತ್ತು. ಲೆನ್ಸನ್ನು ಅಗಲ ತೆರೆದು, ನನಗೆ ಹತ್ತಿರವಿದ್ದ ಅವಳ ಕಣ್ಣಿಗೆ ಫೋಕಸ್ ಇಟ್ಟೆ. ಅವ್ವ ರೆಪ್ಪೆ ಬಡಿಯದೆ ಲೆನ್ಸನ್ನೇ ನೋಡಿದಳು. ಅದರ ಆಚೆ ಹರಿಹರವಿದೆ ಎನ್ನುವಂತೆ ನೋಡಿದಳು. ವರ್ಷದಲ್ಲಿ ನಾನು ತೆಗೆದ ಅತಿ ಒಳ್ಳೆಯ ಫೋಟೋ ಅದು, ಈಗಲೂ ಹಾಗೇ ಅನ್ನುತ್ತೇನೆ.

ಸ್ಟುಡಿಯೋದಲ್ಲಿ ಬಣ್ಣ ತೆಗೆದೆ. ಹಣೆಯ ವಿಭೂತಿ ಎದ್ದು ಬಂತು, ಕಣ್ಣು ಆಳಕ್ಕೆ ಹೋದವು. ಫೋನಿಗೆ ಕಳಿಸಿಕೊಂಡು ಸ್ಟೇಟಸ್ಸಿನಲ್ಲಿ ತೆರೆದೆ. ಇನ್ನು ಹೆಬ್ಬೆರಳು ಇಡುವುದಷ್ಟೇ ಬಾಕಿ. ಇಟ್ಟರೆ ಅಕ್ಕ ಸಂಜೆಯೊಳಗೆ ನಮ್ಮ ಮನೆಯಲ್ಲಿರುತ್ತಾಳೆ. ಇದಕ್ಕಾಗಿಯೇ ಅಲ್ಲವೇ ನಾನು ಊರೆಲ್ಲ ಬೈಸಿಕೊಂಡು ಅಲೆದದ್ದು? ಆದರೆ ಅಪ್ಪ ಹೋದ ದಿನ ಆಟೋದಿಂದ ಇಳಿದಾಗ ಅವಳ ಮುಖ ಹೇಗಿತ್ತು ಎನ್ನುವುದನ್ನು ನೋಡಿದವಳು ನಾನು. 'ಅವ್ವ ಇನ್ನಿಲ್ಲ' ಎಂದುಕೊಂಡು ಹರಿಹರದಿಂದ ದಾವಣಗೆರೆಗೆ ಆ ದಾರಿಯನ್ನು ಅವಳು ಒಮ್ಮೆಯಾದರೂ ಬರುವುದು ಇದ್ದೇ ಇದೆ. ಎರಡು ಸಲ ಬರಿಸಲು ನಾನು ಯಾರು? ಹೆಬ್ಬೆರಳು ತೆಗೆದೆ.

ಬೇರೆ ಏನಾದರೂ ತೆಗೆದು ಹಾಕೋಣವೆಂದು ಕೆಲಸ ಮುಗಿಸಿ ಬೀದಿಗೆ ಇಳಿದೆ. ದೀಪ ಹತ್ತಿದ್ದವು, ಜನರಿದ್ದರು, ಕ್ಯಾಮೆರಾ ಕಣ್ಣಿಗೆ ಹಿಡಿದರೆ ಎಲ್ಲರ ಜಾಗದಲ್ಲೂ ಅವ್ವನ ಆ ಕಣ್ಣು. ಒಂದನ್ನೂ ಒತ್ತಲಾಗಲಿಲ್ಲ. ಯುಗಾದಿ ಇನ್ನೇನು ಬಂತು ಎನ್ನುವಾಗ ನನ್ನ ಕಟ್ಟಳೆ ಮುರಿಯಿತು. ಅವತ್ತಿನ ಸ್ಟೇಟಸ್ ಖಾಲಿ.

“ಹಾಕಿದೆಯಾ?” ಎಂದಳು ಅವ್ವ ಬಾಗಿಲಲ್ಲೇ.

“ಇಲ್ಲ. ಆಗಲಿಲ್ಲ.”

“ನಿನ್ನ ಕೈಲಿ ಏನೂ ಆಗಲ್ಲ ಬಿಡು.” ಅಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಅವತ್ತು ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ.

ಮರುದಿನ ಬೆಳಕು ಹರಿಯುವಾಗ ನಾನು ಎಂದಿನಂತೆ ಅಂಗಳ ಗುಡಿಸಿ ನೀರು ಹಾಕಿದೆ. ಇನ್ನೂ ರಂಗೋಲಿ ಇಟ್ಟಿರಲಿಲ್ಲ. ನೀರು ಹರಿದು ಮೋರಿಯ ಕಡೆ ಹೋಗುತ್ತಿತ್ತು. ಓಣಿಗೆ ಒಂದು ಆಟೋ ತಿರುಗಿ ನಿಂತಿತು. ಅಕ್ಕ ಇಳಿದಳು. ತಲೆ ಬಾಚಿರಲಿಲ್ಲ. ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಬೇರೆ. ಎದೆಗೆ ಒಂದು ಚೀಲ ಅವುಚಿಕೊಂಡಿದ್ದಳು. ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕೈಯ ಬಕೆಟ್ಟು ನೋಡಿದಳು, ಒದ್ದೆ ಅಂಗಳ ನೋಡಿದಳು, ಹರಿಯುವ ನೀರು ನೋಡಿದಳು.

“ತೊಳೆದೇ ಬಿಟ್ರಾ?” ಅಂದಳು. ಕಟ್ಟೆಯ ಮೇಲೆ ಕುಸಿದಳು. “ಈ ಸಲಾನೂ ನನಗ ಕಾಯಲಿಲ್ಲಲ್ಲೇ! ಈ ಸಲಾನೂ!”

“ಅಕ್ಕ, ಅಲ್ಲ, ಅಕ್ಕ...” ಅಂದೆ. ಗದ್ದಲ ಕೇಳಿ ಅವ್ವ ಬಾಗಿಲಿಗೆ ಬಂದಳು. ಬೆರಳಿಗೆ ಹಲ್ಲುಪುಡಿ ಮೆತ್ತಿತ್ತು.

ಅಕ್ಕ ಅವಳನ್ನು ನೋಡಿದಳು. ಆಮೇಲೆ ಎದ್ದವಳೇ ಚೀಲದಿಂದ ನನ್ನ ಹೆಗಲಿಗೆ ದಬದಬ ಬಾರಿಸಿದಳು. “ನಿನ್ನೆ ಯಾಕ ಹಾಕಲಿಲ್ಲ? ದಿನಾ ಹಾಕಾಕಿ ನಿನ್ನೆ ಯಾಕ ಹಾಕಲಿಲ್ಲ ಹೇಳು! ಸಾವಾದ ಮನೆಯಾಗೆ ಯಾರು ಫೋಟೋ ಹಾಕ್ತಾರೆ ಅಂತ ನಾ ರಾತ್ರಿಯೆಲ್ಲ...”

“ಒಂದು ಫೋನ್ ಮಾಡಬಾರದಿತ್ತೇನೇ?” ಅಂದೆ.

“ಮಾಡಿ ಏನಂತ ಕೇಳಲಿ? ಅವ್ವ ಅದಾಳೋ ಇಲ್ಲೋ ಅಂತಾನಾ?”

“ದಿನಾ ನೋಡ್ತಿದ್ದೆಲ್ಲ ನನ್ನ ಫೋಟೋ...”

“ನಿನ್ನ ಎಮ್ಮಿ, ಬಕೆಟ್ಟು ಯಾರಿಗೆ ಬೇಕಾಗಿದ್ವು?” ಅಂದಳು. “ಅವ್ವಂದು ಬಂತೇನೋ ಅಂತ ನೋಡ್ತಿದ್ದೆ. ಅಪ್ಪಂದು ಬೇರೆಯೋರ ಸ್ಟೇಟಸ್ಸಿನಾಗೆ ನೋಡಿದೋಳು ನಾನು. ದಿನಾ ದೇವರ ಹೆಸರು ಹೇಳಿ ತೆಗೀತಿದ್ದೆ. ಬಣ್ಣ ಕಂಡ್ರೆ ಸಾಕು, ಉಸಿರು ಬಿಡ್ತಿದ್ದೆ.”

ಒಂದು ವರ್ಷ ನಾನು ಅವಳಿಗೆ ನಮ್ಮ ಬೀದಿಯನ್ನು ಕಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ತೆಗೆದುಕೊಳ್ಳುತ್ತಿದ್ದದ್ದು ಒಂದೇ ಸುದ್ದಿ: ಇವತ್ತು ಅವ್ವ ಇದ್ದಾಳೆ. ಯಾವ ದಾರಿಯನ್ನು ಅವಳು ಬರಬಾರದೆಂದು ಹೆಬ್ಬೆರಳು ತೆಗೆದೆನೋ ಅದೇ ದಾರಿಯನ್ನು ಬಂದಿದ್ದಳು. ನನಗೆ ಅಳು ನಿಲ್ಲಲಿಲ್ಲ.

ಅವ್ವ ಮಾತ್ರ ಚೀಲವನ್ನೇ ನೋಡುತ್ತಿದ್ದಳು. “ಅದರಾಗೇನೈತೆ?”

ಅಕ್ಕ ಚೀಲ ಹಿಂದಕ್ಕೆ ಎಳೆದುಕೊಂಡಳು. ಅವ್ವ ಬಿಡಲಿಲ್ಲ, ಕಿತ್ತುಕೊಂಡು ತೆರೆದಳು. ಒಳಗೆ ಒಂದು ಇಳಕಲ್ ಸೀರೆ. ಗಿಣಿಹಸಿರು, ಕೆಂಪು ಸೆರಗು. ಅಪ್ಪ ಹೋದ ಮೇಲೆ ಅವ್ವ ಅಂಥ ಬಣ್ಣ ಮೈಗೆ ಹಾಕಿರಲಿಲ್ಲ.

“ಅಪ್ಪನ ಪಂಚೆ ಇಲ್ಲಿ ಇಟ್ಟು ಹೋದೆನಲ್ಲ, ಆ ವಾರಾನೇ ತಂದಿಟ್ಟೆ,” ಎಂದಳು ಅಕ್ಕ. ಅವಳ ದನಿ ಸಣ್ಣದಾಗಿತ್ತು. “ಅವತ್ತು ಪಂಚೆ ತಗೊಳ್ಳೋಕೆ ಅಂಗಡಿ ಬಾಗಿಲು ತೆಗೆಯೋತನಕ ನಿಂತಿದ್ದೆ ಅವ್ವ. ಬರಿಗೈಲಿ ಹೆಂಗೆ ಬರಲಿ ಅಂತ. ನಿಲ್ಲದೆ ಬಂದಿದ್ರೆ ಅಪ್ಪ ಸಿಗ್ತಿದ್ದ. ನಿಂದಕ್ಕಾರ ತಡ ಆಗಬಾರ್ದು ಅಂತ ಮೊದಲೇ ತಂದಿಟ್ಟೆ.”

ನಾಲ್ಕು ವರ್ಷ ಅವಳು ನಮ್ಮ ಮೇಲೆ ಸಿಟ್ಟಾಗಿದ್ದಾಳೆ ಎಂದುಕೊಂಡಿದ್ದೆವು. ಆ ಅಂಗಡಿಯ ಮುಚ್ಚಿದ ಬಾಗಿಲನ್ನು ಅವಳು ಎದೆಯಲ್ಲಿಟ್ಟುಕೊಂಡು ಬದುಕಿದ್ದಳು. ಅವ್ವ ಅವಳ ಗಲ್ಲ ಮುಟ್ಟಿದಳು. ಹಲ್ಲುಪುಡಿ ಅಲ್ಲೇ ಅಂಟಿತು.

“ಒಳಗೆ ಬಾ.”

“ಹೆಂಗೆ ಬರಲಿ? ಆಣಿ ಮಾಡೀನಿ.”

“ಕೂಡು ಹಂಗಾರೆ ಇಲ್ಲೇ,” ಎಂದು ಅವ್ವ ಸೀರೆ ಹಿಡಿದು ಒಳಗೆ ಹೋದಳು. ನಾವಿಬ್ಬರೂ ಕಟ್ಟೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಅವ್ವ ಹೊರಗೆ ಬಂದಳು. ಗಿಣಿಹಸಿರು ಸೀರೆ ಉಟ್ಟು, ಕೆಂಪು ಸೆರಗು ತಲೆಯ ಮೇಲೆ ಹೊದ್ದಿದ್ದಳು. ಮಡಿಕೆ ಇನ್ನೂ ಬಿಟ್ಟಿರಲಿಲ್ಲ, ಅಂಗಡಿಯ ಚೀಟಿ ಅಂಚಿಗೆ ನೇತಾಡುತ್ತಿತ್ತು.

“ನೋಡು, ಹೊದಿಸಿದ್ದಾತು. ನಾ ಸತ್ತಂಗೇ ಲೆಕ್ಕ. ಇನ್ನ ಒಳಗೆ ಬಂದು ಚಾ ಇಡು. ರಾತ್ರಿಯಿಂದ ಉಪವಾಸ ಅದೀನಿ.”

ಅಕ್ಕ ಅವ್ವನ ಸೆರಗಿನಲ್ಲಿ ಮುಖ ಇಟ್ಟು ಅತ್ತಳು. ಅವ್ವ ಅವಳು ಅಳುವುದನ್ನು ನೋಡಿದಳು. ನಾನು ಒಳಗಿನಿಂದ ಕ್ಯಾಮೆರಾ ತಂದೆ. ಫೋಕಸ್ ಎಲ್ಲಿ ನಿಂತಿತೋ ದೇವರಿಗೇ ಗೊತ್ತು. ಅವ್ವ ಮಗಳ ತಲೆಯ ಮೇಲಿನಿಂದ ನನ್ನ ಕಡೆ ನೋಡಿ ಹೇಳಿದಳು:

“ಬಣ್ಣದ್ದೇ ತೆಗಿ.”

ಅವತ್ತು ಮಧ್ಯಾಹ್ನ ಅದನ್ನೇ ಹಾಕಿದೆ. ಸಂಜೆ ಅಕ್ಕಿ ಆರಿಸುತ್ತ, ಹಸಿರು ಸೀರೆಯಲ್ಲೇ ಕೂತು, ಅವ್ವ ರೂಢಿಯಂತೆ ಕೇಳಿದಳು: “ಯಾರ್ಯಾರು ನೋಡಿದ್ರು?” ಓದಿದೆ. ಸ್ಟುಡಿಯೋ ಮಾಲೀಕರು, ಹಾಲಿನವರು, ಚಾಚಾ, ನಂದಿಗುಡಿಯ ಚಿಕ್ಕಮ್ಮ, ಟೀಚರ್. ಕೊನೆಯವರೆಗೆ ಹೋಗಿ ನೋಡಿದೆ, ಆ ವರ್ಷದಲ್ಲಿ ಮೊದಲ ಸಲ ಅಕ್ಕನ ಹೆಸರು ಇರಲಿಲ್ಲ. ಅವಳ ಫೋನ್ ಚೀಲದಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು, ಅವಳು ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.